ಊರಿಗೊಬ್ಬ ಕವಿ: ಶಾಲು ಹೊದಿಸಿದ ಮೇಲೆ ಕೆಲಸ ಏನು?

ಪ್ರಶ್ನೆ: ಹೊರದೇಶದಲ್ಲಿರುವ ನನ್ನ ಮಗಳು, ಅವಳಿರುವ ಊರಿನ ನಗರಾಡಳಿತ ಅಧಿಕೃತವಾಗಿ ಒಬ್ಬ ಕವಿಯನ್ನು ನೇಮಿಸಿಕೊಂಡಿದೆ ಎಂದು ಹೇಳಿದಳು. ನಂಬೋಕಾಗಲಿಲ್ಲ. ಊರಿಗೆ ನೀರು ಬಿಡುವವರು ಬೇಕು, ದೀಪ ಹಾಕುವವರು ಬೇಕು. ಕವಿ ಯಾಕೆ? ಅವರಿಗೆ ಸಂಬಳ ಇದೆಯಾ? ಮೇಯರನ್ನು ಹೊಗಳೋದೇ ಕೆಲಸವಾ? ನಮ್ಮ ದಾವಣಗೆರೆಗೂ ಅಂಥವರೊಬ್ಬರು ಬೇಕಾ, ಈಗಿರುವ ಕವಿಗೋಷ್ಠಿಗಳೇ ಸಾಲದಾ? (ನಾನೂ ಅಲ್ಪಸ್ವಲ್ಪ ಬರೆಯುತ್ತೇನೆ, ಅದಕ್ಕೇ ಕುತೂಹಲ.)
– ಓದುಗರೊಬ್ಬರು, ನಿಟುವಳ್ಳಿ, ದಾವಣಗೆರೆ

ಉತ್ತರ: ಮಗಳು ಹೇಳಿದ್ದು ನಿಜ. ಅಮೆರಿಕ, ಕೆನಡಾ, ಬ್ರಿಟನ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ನ ಎಷ್ಟೋ ಊರುಗಳಲ್ಲಿ ನಗರಾಡಳಿತವೇ ಒಬ್ಬ ಕವಿಯನ್ನು ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡೋ ಮೂರೋ ವರ್ಷದ ಅವಧಿ. ದುಡ್ಡು ಇದೆ, ಜಾಸ್ತಿ ಇಲ್ಲ. ಮೇಯರನ್ನು ಹೊಗಳುವುದು ಕೆಲಸದ ಪಟ್ಟಿಯಲ್ಲಿಲ್ಲ. ದಾವಣಗೆರೆಗೆ ಬೇಕಾ ಅಂದರೆ, ಬೇಕು ಅಂತಲೇ ನಾನು ಹೇಳುತ್ತೇನೆ. ಆದರೆ ಇನ್ನೊಬ್ಬರಿಗೆ ಸನ್ಮಾನ ಮಾಡೋಕೆ ಒಂದು ನೆಪ ಬೇಕು ಅನ್ನೋ ಕಾರಣಕ್ಕಾದರೆ ಬೇಡವೇ ಬೇಡ. ಸನ್ಮಾನ ನಮ್ಮಲ್ಲಿ ಸಾಕಷ್ಟಿದೆ.

ನಿಮ್ಮ ಅನುಮಾನ ಎಲ್ಲಿಂದ ಹುಟ್ಟಿದ್ದು ಅಂತ ನನಗೆ ಗೊತ್ತು. ಇವರನ್ನು ಇಂಗ್ಲಿಷಿನಲ್ಲಿ ‘ಪೊಯೆಟ್ ಲಾರಿಯೇಟ್’ ಅಂತಾರೆ. ಲಾರೆಲ್ ಅನ್ನೋದು ಒಂದು ಗಿಡ. ಹಿಂದೆ ಗ್ರೀಸ್, ರೋಮ್ ಕಡೆ ಗೆದ್ದವರ ತಲೆಗೆ ಅದರ ಎಲೆಯ ಕಿರೀಟ ಇಡುತ್ತಿದ್ದರು, ನಮ್ಮ ಮೈಸೂರು ಪೇಟ ಇದ್ದ ಹಾಗೆ. ಇದನ್ನು ಕನ್ನಡಕ್ಕೆ ತರುವಾಗ ನಾವು ‘ಆಸ್ಥಾನಕವಿ’ ಅಂದುಬಿಟ್ಟೆವು. ಆ ಪದ ಕಿವಿಗೆ ಬಿದ್ದರೆ ಸಾಕು, ಕಣ್ಣ ಮುಂದೆ ಸಿಂಹಾಸನ, ಪಕ್ಕದಲ್ಲಿ ಚಾಮರ, ಎದುರಿಗೆ ಕೈಮುಗಿದು ನಿಂತ ಒಬ್ಬ ಕವಿ. ಎಲ್ಲ ಸಿನಿಮಾದವರ ಪುಣ್ಯ.

ಹಾಗಂತ ಆಸ್ಥಾನಕವಿ ಅಂದರೆ ಕೀಳು ಅಂತ ನಾನು ಹೇಳುತ್ತಿಲ್ಲ. ಪಂಪ ಅರಿಕೇಸರಿಯ ಆಶ್ರಯದಲ್ಲಿದ್ದ. ದೊರೆಯನ್ನು ಅರ್ಜುನನ ಜೊತೆ ಬೆಸೆದು ಭಾರತ ಬರೆದ. ಅದನ್ನು ಬರೀ ಹೊಗಳಿಕೆ ಅನ್ನೋ ಧೈರ್ಯ ಯಾರಿಗಿದೆ? ಪೊನ್ನ, ರನ್ನ, ಜನ್ನ ಮೂವರಿಗೂ ಕವಿಚಕ್ರವರ್ತಿ ಅನ್ನೋ ಬಿರುದು ಬಂದದ್ದು ರಾಜರಿಂದಲೇ. ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀ ಗೌರಿ’ ಇಡೀ ಸಂಸ್ಥಾನದ ಗೀತೆ ಆಯಿತು. ಆದರೆ ಆ ಕವಿಗಳಿಗೆ ಅನ್ನ ಹಾಕುತ್ತಿದ್ದವನು ದೊರೆ. ನಗರದ ಕವಿಗೆ ಅನ್ನ ಹಾಕುವವರು ಮನೆ ಕಂದಾಯ ಕಟ್ಟುವ ನೀವು. ಯಜಮಾನ ಬದಲಾದರೆ ಕೆಲಸವೂ ಬದಲಾಗಬೇಕಲ್ವಾ? ಅದಕ್ಕೇ ಇಲ್ಲಿ ನಾನು ‘ನಗರಕವಿ’ ಅಂತಲೇ ಬರೆಯುತ್ತೇನೆ.

ಒಂದು ಬೆಳಗಿನ ಮಟ್ಟಿಗೆ ನಾನೂ ಆಸ್ಥಾನಕವಿ ಆಗಿದ್ದೆ. ಬಹಳ ವರ್ಷದ ಹಿಂದಿನ ಮಾತು. ಒಂದು ಸಂಸ್ಥೆಯ ಸಮಾರಂಭ, ಯಾವುದು ಅಂತ ಬೇಡ. ‘ಸರ್, ಒಂದು ಸ್ವಾಗತಗೀತೆ ಬರೆದುಕೊಡಿ’ ಅಂದರು. ಜೊತೆಗೆ ಒಂದು ಚೀಟಿ. ಅದರಲ್ಲಿ ಒಂಬತ್ತು ಅತಿಥಿಗಳ ಹೆಸರು. ಎಲ್ಲರೂ ಹಾಡಿನಲ್ಲಿ ಬರಬೇಕು, ಹಿಂದೆಮುಂದೆ ಆಗಬಾರದು. ಒಂದು ರಾತ್ರಿ ಕೂತು ಹೇಗೋ ಲಯಕ್ಕೆ ಕೂರಿಸಿದೆ. ಬೆಳಿಗ್ಗೆ ಫೋನು ಬಂತು: ನಾಲ್ಕನೆಯವರು ಬರ್ತಿಲ್ಲ, ಅವರ ಬದಲು ಬೇರೆಯವರು. ಹೊಸಬರ ಹೆಸರು ಮೂರು ಮಾತ್ರೆ ಜಾಸ್ತಿ ಉದ್ದ! ಹಾಡುವ ಹುಡುಗಿ ಆ ಜಾಗ ಬಂದಾಗ ಒಂದು ಕ್ಷಣ ನಿಂತಳು. ಉಸಿರು ಎಳೆದುಕೊಂಡಳು. ಆ ಹೆಸರನ್ನು ಮಾತಿನಲ್ಲೇ ಹೇಳಿ, ಮತ್ತೆ ರಾಗ ಹಿಡಿದಳು. ಚಪ್ಪಾಳೆ ಬಿತ್ತು. ನನಗೊಂದು ಶಾಲು ಸಿಕ್ಕಿತು. ಅದನ್ನು ಈಗ ಮನೆಯಲ್ಲಿ ಮಿಕ್ಸಿಗೆ ಧೂಳು ಕೂರದ ಹಾಗೆ ಹೊದಿಸಿದ್ದಾರೆ.

ಬ್ರಿಟನ್ನಿನಲ್ಲೂ ಇದು ಶುರುವಾದದ್ದು ಅರಮನೆಯಿಂದಲೇ. 1668ರಲ್ಲಿ ಜಾನ್ ಡ್ರೈಡನ್ ಅಲ್ಲಿನ ಮೊದಲ ಅಧಿಕೃತ ರಾಜಕವಿ. ಸಂಬಳದ ಜೊತೆ ಒಂದು ಪೀಪಾಯಿ ವೈನ್ ಕೊಡುವ ಪದ್ಧತಿ ಇತ್ತು. ರಾಜನ ಹುಟ್ಟುಹಬ್ಬ, ಹೊಸ ವರ್ಷ ಬಂದರೆ ಪದ್ಯ ಬರೆಯಬೇಕು ಅನ್ನೋ ರೂಢಿ ಆಮೇಲೆ ಬೆಳೆಯಿತು. ಇದರಿಂದ ಕವಿಗಳು ಸುಸ್ತಾದರು. 1843ರಲ್ಲಿ ವರ್ಡ್ಸ್‌ವರ್ತ್‌ಗೆ ಈ ಪಟ್ಟ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಏನೂ ಬರೆಯಬೇಕಾಗಿಲ್ಲ ಅನ್ನೋ ಭರವಸೆ ಸಿಕ್ಕ ಮೇಲೇ ಒಪ್ಪಿದ್ದು. ಮಾತಿಗೆ ತಪ್ಪದೆ ಏನೂ ಬರೆಯಲಿಲ್ಲ. ಸಾಯುವ ತನಕ ಇರುತ್ತಿದ್ದ ಈ ಪಟ್ಟಕ್ಕೆ ಹತ್ತು ವರ್ಷದ ಮಿತಿ ಹಾಕಿದ್ದು 1999ರಲ್ಲಿ, ಆಂಡ್ರ್ಯೂ ಮೋಶನ್ ಬಂದಾಗ. ಆ ಮೋಶನ್ನೇ ಅವಧಿ ಮುಗಿಯುವ ಹೊತ್ತಿಗೆ, ಈ ಕೆಲಸದಿಂದ ನನ್ನ ಸ್ವಂತ ಬರವಣಿಗೆಗೆ ಏಟು ಬಿತ್ತು ಅಂತ ಬಹಿರಂಗವಾಗಿ ಹೇಳಿಕೊಂಡರು. ಗೌರವಧನ ವರ್ಷಕ್ಕೆ 5,750 ಪೌಂಡ್, ನಮ್ಮ ಲೆಕ್ಕದಲ್ಲಿ ಆರು ಲಕ್ಷ ಚಿಲ್ಲರೆ. ಅವರ ನಂತರ 2009ರಲ್ಲಿ ಬಂದ ಕ್ಯಾರಲ್ ಆನ್ ಡಫಿ, ಆ ಪಟ್ಟಕ್ಕೇರಿದ ಮೊದಲ ಹೆಣ್ಣುಮಗಳು, ಆ ದುಡ್ಡನ್ನು ಕವಿತೆಗೆ ಕೊಡುವ ಒಂದು ಪ್ರಶಸ್ತಿಗೆ ಎತ್ತಿಟ್ಟರು. ಮುನ್ನೂರೈವತ್ತು ವರ್ಷದ ಕಥೆ ಇಷ್ಟು.

ನಮ್ಮಲ್ಲಿ ರಾಷ್ಟ್ರಕವಿ ಇದ್ದರಲ್ಲ ಅಂತ ನೀವು ಕೇಳಬಹುದು. ಇದ್ದರು, ಮೂವರು. 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ಮಂಜೇಶ್ವರದ ಗೋವಿಂದ ಪೈ ಅವರಿಗೆ ಕೊಟ್ಟಿತು. 1964ರಲ್ಲಿ ಕುವೆಂಪು. 2006ರಲ್ಲಿ, ಸುವರ್ಣ ಕರ್ನಾಟಕದ ಸಂಭ್ರಮದಲ್ಲಿ, ಜಿ.ಎಸ್. ಶಿವರುದ್ರಪ್ಪ. ಜಿಎಸ್‌ಎಸ್ ನಮ್ಮೂರಿಗೆ ಹೊಸಬರಲ್ಲ. 1992ರಲ್ಲಿ ದಾವಣಗೆರೆಯಲ್ಲಿ ನಡೆದ 61ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು 2013ರಲ್ಲಿ ತೀರಿಕೊಂಡರು. ಮುಂದಿನವರು ಯಾರು ಅನ್ನೋ ಮಾತು ಆಮೇಲೆ ಆಗಾಗ ಎದ್ದಿದೆ, ಮಲಗಿದೆ. ಆದರೆ ಇದು ಬೇರೆ ವಿಷಯ. ರಾಷ್ಟ್ರಕವಿ ಅನ್ನೋದು ಬದುಕಿಡೀ ಮಾಡಿ ಮುಗಿಸಿದ ಕೆಲಸಕ್ಕೆ ಕೊಟ್ಟ ಬಿರುದು. ಅಂಥವರಿಗೆ ‘ನಾಳೆ ಬೆಳಿಗ್ಗೆ ಇಂಥ ಶಾಲೆಗೆ ಬನ್ನಿ, ಏಳನೇ ಕ್ಲಾಸಿನ ಮಕ್ಕಳು ಕಾಯ್ತಿದ್ದಾರೆ’ ಅನ್ನೋಕಾಗಲ್ಲ. ನಗರಕವಿ ಉಲ್ಟಾ. ಶಾಲು ಹೊದಿಸಿದ ದಿನದಿಂದ ಅವರ ಕೆಲಸ ಶುರು.

ಈ ಹುದ್ದೆ ಹಳೇದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋ ತನ್ನ ಮೊದಲ ನಗರಕವಿಯನ್ನು ಆರಿಸಿದ್ದು 1998ರಲ್ಲಿ. ಅವರು ಲಾರೆನ್ಸ್ ಫರ್ಲಿಂಗೆಟಿ, ಪುಸ್ತಕದಂಗಡಿ ನಡೆಸುತ್ತಿದ್ದ ಕವಿ. ಗ್ಲಾಸ್ಗೋ 1999ರಲ್ಲಿ ಎಡ್ವಿನ್ ಮಾರ್ಗನ್ ಅವರನ್ನು ನೇಮಿಸಿತು. ಟೊರಾಂಟೊ 2001, ಎಡಿನ್‌ಬರೊ 2002, ಆಂಟ್‌ವರ್ಪ್ 2003. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಲೆಕ್ಕ ಹಾಕಿ, ನಮ್ಮ ಜಿಲ್ಲೆಗೂ ಈ ಹುದ್ದೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಎಡಿನ್‌ಬರೊದವರು ತಮ್ಮ ಕವಿಯನ್ನು ‘ಮಾಕರ್’ ಅಂತಾರೆ. ಅದು ಸ್ಕಾಟ್ಸ್ ಭಾಷೆಯ ಹಳೇ ಮಾತು, ಮಾಡುವವನು ಅಂತ ಅರ್ಥ. ನಮ್ಮ ಬಡಗಿ, ಕಮ್ಮಾರ ಇದ್ದ ಹಾಗೆ ಕವಿಯೂ ಏನೋ ಒಂದನ್ನು ಮಾಡಿಕೊಡುವವನು. ನನಗೆ ಲಾರೆಲ್ ಎಲೆಗಿಂತ ಈ ಪದವೇ ಇಷ್ಟ.

ಕೆಲಸದ ಪಟ್ಟಿ ಊರಿಂದ ಊರಿಗೆ ಬೇರೆ. ಶಾಲೆಗಳಿಗೆ, ಗ್ರಂಥಾಲಯಗಳಿಗೆ ಹೋಗೋದು. ಊರಿನಲ್ಲಿ ದೊಡ್ಡದೇನಾದರೂ ನಡೆದರೆ, ಒಳ್ಳೆಯದೋ ಕೆಟ್ಟದ್ದೋ, ಅದರ ಬಗ್ಗೆ ಬರೆಯೋದು. ಹೊಸ ಕಟ್ಟಡ, ಸೇತುವೆ ಆದಾಗ ಅದಕ್ಕೆ ನಾಲ್ಕು ಸಾಲು ಕೊಡೋದು. ಅಧಿಕೃತ ಪಟ್ಟಿ ಬಹುತೇಕ ಇಷ್ಟೇ. ನಿಜವಾದ ಕೆಲಸ ಹುಟ್ಟೋದು ಕವಿಯ ತಲೆಯಲ್ಲಿ.

ನನ್ನನ್ನು ತಡೆದು ನಿಲ್ಲಿಸಿದ್ದು ಡಚ್ ಕವಿಗಳ ಒಂದು ಕೆಲಸ. ಗ್ರೋನಿಂಗನ್ ಅನ್ನೋ ಊರಿನಲ್ಲಿ ಬಾರ್ಟ್ ಡ್ರೂಗ್ ಅನ್ನೋ ಕವಿ ಇದನ್ನು ಶುರುಮಾಡಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಎಫ್. ಸ್ಟಾರಿಕ್ ಅದನ್ನು ವರ್ಷಗಟ್ಟಲೆ ನಡೆಸಿದರು. ಸ್ಟಾರಿಕ್ 2018ರಲ್ಲಿ ತೀರಿಕೊಂಡರು. ಈ ಕೆಲಸದ ಹೆಸರು ‘ಒಂಟಿ ಅಂತ್ಯಕ್ರಿಯೆ’. ಊರಿನಲ್ಲಿ ಯಾರಾದರೂ ದಿಕ್ಕಿಲ್ಲದೆ ಸತ್ತರೆ ಮಣ್ಣು ಮಾಡೋದು ನಗರಾಡಳಿತದ ಕೆಲಸ, ಅಲ್ಲೂ ಇಲ್ಲೂ. ಅಲ್ಲಿ ಆ ಸುದ್ದಿ ಒಬ್ಬ ಕವಿಗೂ ಹೋಗುತ್ತೆ. ಸತ್ತವರ ಬಗ್ಗೆ ಗೊತ್ತಿರುವುದು ಅಷ್ಟಿಷ್ಟು: ವಯಸ್ಸು, ಇದ್ದ ಮನೆ, ಮನೆಯಲ್ಲಿ ಸಿಕ್ಕ ಒಂದೆರಡು ಸಾಮಾನು. ಕವಿ ಅದನ್ನೇ ಇಟ್ಟುಕೊಂಡು ಒಂದು ಕವಿತೆ ಬರೆಯುತ್ತಾನೆ. ಸ್ಮಶಾನಕ್ಕೆ ಹೋಗಿ ಗುಂಡಿಯ ಪಕ್ಕ ನಿಂತು ಓದುತ್ತಾನೆ. ಕೇಳುವವರು ಯಾರು? ಹೆಣ ಹೊತ್ತವರು, ಒಬ್ಬರೋ ಇಬ್ಬರೋ ನೌಕರರು. ಅಷ್ಟೇ. ಚಪ್ಪಾಳೆ ಇಲ್ಲ.

ಇದನ್ನು ಓದಿದ ದಿನ ನನಗೆ ನಮ್ಮ ಪತ್ರಿಕೆಗಳ ಒಳಪುಟದ ಆ ಸಣ್ಣ ಪ್ರಕಟಣೆ ನೆನಪಾಯಿತು. ನೀವೂ ನೋಡಿರುತ್ತೀರಿ. ‘ಅಪರಿಚಿತ ಶವ ಪತ್ತೆ. ಸುಮಾರು 55 ವರ್ಷ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ನೀಲಿ ಗೆರೆಯ ತುಂಬುತೋಳಿನ ಅಂಗಿ. ಎಡಗೈ ಮೇಲೆ ಹಚ್ಚೆ. ವಾರಸುದಾರರಿದ್ದಲ್ಲಿ ಸಂಪರ್ಕಿಸಿ.’ ರೈಲ್ವೆ ಹಳಿ ಪಕ್ಕ, ಬಸ್ ನಿಲ್ದಾಣದ ಬೆಂಚು, ಮಂಡಿಪೇಟೆಯ ಯಾವುದೋ ಅಂಗಡಿ ಜಗಲಿ. ಆ ಮನುಷ್ಯನ ಬಗ್ಗೆ ಈ ಭೂಮಿ ಮೇಲೆ ಕೊನೆಗೆ ಬರೆದದ್ದು ಅಷ್ಟು ಸಾಲು ಮಾತ್ರ. ಬರೆದವರು ಒಬ್ಬ ಪೊಲೀಸ್ ಪೇದೆ. ಒಂದು ಸಲ ಜೋರಾಗಿ ಓದಿ ನೋಡಿ. ಆ ಪೇದೆ ಕಣ್ಣುಬಿಟ್ಟು ನೋಡಿದ್ದಾನೆ. ಅಂಗಿಯ ಗೆರೆ ಯಾವ ಬಣ್ಣ, ತೋಳು ಎಷ್ಟುದ್ದ, ಎಲ್ಲ ಬರೆದಿದ್ದಾನೆ. ಹಚ್ಚೆಯಲ್ಲಿ ಯಾರ ಹೆಸರಿತ್ತು ಅನ್ನೋದರಿಂದ ಮುಂದಿನದು ಕವಿಯ ಕೆಲಸ. ನಮ್ಮ ನಗರಕವಿ ವರ್ಷಕ್ಕೆ ಇಂಥ ಹತ್ತು ಸಾವಿಗೆ ಹೋಗಿ ನಿಂತು ಬಂದರೆ, ಬೇರೆ ಏನೂ ಮಾಡದಿದ್ದರೂ ನನ್ನ ಕಂದಾಯದ ದುಡ್ಡು ಸಾರ್ಥಕ ಅಂದುಕೊಳ್ಳುತ್ತೇನೆ.

ಇನ್ನು ಖುಷಿಯ ಕೆಲಸಗಳೂ ಇವೆ. ಅಮೆರಿಕದ ರಾಷ್ಟ್ರಮಟ್ಟದ ಕವಿಯಾಗಿದ್ದ ರಾಬರ್ಟ್ ಪಿನ್‌ಸ್ಕಿ 1997ರಲ್ಲಿ ಒಂದು ಕರೆ ಕೊಟ್ಟರು. ನಿಮಗೆ ತುಂಬಾ ಇಷ್ಟವಾದ ಒಂದು ಕವಿತೆ ಯಾವುದು, ಯಾಕೆ ಇಷ್ಟ, ಬರೆದು ಕಳಿಸಿ ಅಂತ. ಸ್ವಂತದ್ದಲ್ಲ, ಬೇರೆಯವರದ್ದು. 18,000 ಜನ ಬರೆದರು. ಅವರಲ್ಲಿ ಕೆಲವರನ್ನು ಕೂರಿಸಿ, ಆ ಕವಿತೆ ಓದಿಸಿ, ವಿಡಿಯೊ ಮಾಡಿದರು. ಓದಿದವರು ಸಾಮಾನ್ಯ ಜನ. ಇದನ್ನು ದಾವಣಗೆರೆಯಲ್ಲಿ ಮಾಡಿದರೆ ಏನಾಗಬಹುದು ಅಂತ ಯೋಚಿಸಿ. ಬೆಣ್ಣೆದೋಸೆ ಹೋಟೆಲಿನಲ್ಲಿ ಹೆಂಚಿನ ಮುಂದೆ ನಿಂತವರಿಗೆ ಯಾವ ಪದ್ಯ ಬಾಯಿಪಾಠ? ಒಬ್ಬರಿಗೆ ಅಕ್ಕನ ವಚನ ಇರುತ್ತೆ, ಇನ್ನೊಬ್ಬರಿಗೆ ನಾಲ್ಕನೇ ಕ್ಲಾಸಿನ ಪಠ್ಯದ್ದು, ಮತ್ತೊಬ್ಬರಿಗೆ ಸೋಬಾನೆ ಪದ. ಗಿರಣಿ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಹತ್ತಿ ಗಿರಣಿಗಳಿಂದ ನಮ್ಮೂರಿಗೆ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದಿತ್ತು. ಹೆಸರು ಈಗಲೂ ಭಾಷಣದಲ್ಲಿದೆ, ಸೈರನ್ ಇಲ್ಲ. ಪಾಳಿ ಮುಗಿಸಿ ಬರುವಾಗ ಆ ಕಾರ್ಮಿಕರು ಏನು ಹಾಡಿಕೊಳ್ಳುತ್ತಿದ್ದರು? ಯಾರೂ ಕೂತು ಬರೆದುಕೊಂಡ ಹಾಗೆ ಕಾಣೆ. ಇದು ಕವಿಗೋಷ್ಠಿಯಲ್ಲಿ ಆಗುವ ಕೆಲಸ ಅಲ್ಲ.

ಕವಿಗೋಷ್ಠಿ ಸಾಲದಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಇಲ್ಲೇ ಹೇಳುತ್ತೇನೆ. ನಾನು ಎಷ್ಟೋ ಗೋಷ್ಠಿಗಳಲ್ಲಿ ಓದಿದ್ದೇನೆ, ಕೆಲವಕ್ಕೆ ಅಧ್ಯಕ್ಷನೂ ಆಗಿದ್ದೇನೆ. ಪಟ್ಟಿಯಲ್ಲಿ ಮೂವತ್ತು ಹೆಸರು. ತಲಾ ಮೂರು ನಿಮಿಷ. ಓದಿ ಮುಗಿಸಿದವರು ಪ್ರಮಾಣಪತ್ರ ತಗೊಂಡು ಬಸ್ಸಿಗೆ ಹೊರಡುತ್ತಾರೆ. ಕೊನೆಯ ಕವಿ ಓದುವಾಗ ಎದುರಿಗೆ ಇರೋದು ಅಧ್ಯಕ್ಷರು, ಮೈಕಿನವನು, ಕುರ್ಚಿ ಮಡಚಲು ಕಾಯುವವನು. ಅಧ್ಯಕ್ಷರು ಕೊನೆಗೆ ಮೂವತ್ತೂ ಕವಿತೆಗಳನ್ನು ವಿಮರ್ಶೆ ಮಾಡಬೇಕು, ಪಾಪ. ಗೋಷ್ಠಿ ಬೇಡ ಅಂತಲ್ಲ. ಹೊಸಬರಿಗೆ ಮೊದಲ ಮೈಕು ಸಿಗೋದು ಅಲ್ಲೇ. ಆದರೆ ಅಲ್ಲಿ ಕವಿಗಳು ಕವಿಗಳಿಗೆ ಓದುತ್ತಾರೆ. ನಗರಕವಿ ಓದಬೇಕಾದದ್ದು ಕವಿತೆ ಕೇಳೋಕೆ ಅಂತ ಬರದೇ ಇರುವ ಜನಕ್ಕೆ.

ಆರ್ಡರ್ ಕೊಟ್ಟು ಬರೆಸಿದ ಪದ್ಯ ನಿಲ್ಲಲ್ಲ, ಸುಮ್ನೆ ಸರ್ಕಾರಿ ಪದ್ಯ ಆಗುತ್ತೆ ಅಂತ ನನ್ನ ಗೆಳೆಯರೊಬ್ಬರು ವಾದ ಮಾಡುತ್ತಾರೆ. ಬಹಳಷ್ಟು ಸಲ ನಿಜ. ನನ್ನ ಸ್ವಾಗತಗೀತೆಯೇ ಸಾಕ್ಷಿ. ಆದರೆ 1924ರ ಬೆಳಗಾವಿ ನೆನಪಿಸಿಕೊಳ್ಳಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ. ಅಲ್ಲಿ ಹಾಡಿದ್ದು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’. ಅದೂ ಒಂದು ಸಂದರ್ಭದ ಪದ್ಯ. ಸಂದರ್ಭ ಮುಗಿದು ನೂರು ವರ್ಷ ಆಯಿತು, ಹಾಡು ಮುಗಿದಿಲ್ಲ. ಅದರಲ್ಲಿ ಅತಿಥಿಗಳ ಹೆಸರಿನ ಪಟ್ಟಿ ಇಲ್ಲ, ಗಮನಿಸಿ.

ಮೇಯರನ್ನು ಹೊಗಳದೆ ಬೈದರೆ ಏನಾಗುತ್ತೆ? ಇದಕ್ಕೂ ಒಂದು ಕಥೆ ಇದೆ. ಊರಿನದ್ದಲ್ಲ, ಅಮೆರಿಕದ ನ್ಯೂಜೆರ್ಸಿ ರಾಜ್ಯದ್ದು. 2002ರಲ್ಲಿ ಅಮಿರಿ ಬರಾಕ ಅಲ್ಲಿನ ರಾಜ್ಯಕವಿ ಆದರು. ನ್ಯೂಯಾರ್ಕಿನ ಅವಳಿ ಕಟ್ಟಡಗಳ ಮೇಲಿನ ದಾಳಿಯ ಬಗ್ಗೆ ಅವರೊಂದು ಕವಿತೆ ಓದಿದರು. ಅದರ ಕೆಲವು ಸಾಲು ಯಹೂದಿ ದ್ವೇಷದ್ದು ಅಂತ ದೊಡ್ಡ ಗಲಾಟೆ ಆಯಿತು. ಗವರ್ನರ್ ರಾಜೀನಾಮೆ ಕೇಳಿದರು. ಬರಾಕ ಕೊಡಲ್ಲ ಅಂದರು. ಕಾನೂನು ತೆಗೆದು ನೋಡಿದರೆ ಕವಿಯನ್ನು ನೇಮಿಸುವ ದಾರಿ ಬರೆದಿತ್ತು, ತೆಗೆದುಹಾಕುವ ದಾರಿ ಇರಲಿಲ್ಲ. ಕೊನೆಗೆ 2003ರಲ್ಲಿ ಶಾಸನಸಭೆ ಆ ಹುದ್ದೆಯನ್ನೇ ರದ್ದು ಮಾಡಿತು. ಮೂಗಿನ ಮೇಲೆ ಕೂತ ನೊಣ ಓಡಿಸೋಕೆ ಮೂಗನ್ನೇ ಕೊಯ್ದ ಹಾಗೆ. ಆ ಸಾಲುಗಳು ನನಗೂ ಒಪ್ಪಿಗೆ ಆಗಲಿಲ್ಲ. ಆದರೂ ಈ ಕಥೆಯಿಂದ ನಾವು ಕಲಿಯಬೇಕಾದದ್ದು ಇದೆ. ಅವಧಿ ಎಷ್ಟು, ಯಾವ ಕಾರಣಕ್ಕೆ ತೆಗೆಯಬಹುದು, ಯಾವ ಕಾರಣಕ್ಕೆ ತೆಗೆಯಬಾರದು, ಎಲ್ಲವನ್ನೂ ಮೊದಲೇ ಬರೆದಿಡಬೇಕು. ‘ಒಳಚರಂಡಿ ಬಗ್ಗೆ ಪದ್ಯ ಬರೆದರು’ ಅನ್ನೋದು ತೆಗೆಯುವ ಕಾರಣಗಳ ಪಟ್ಟಿಯಲ್ಲಿ ಇರಬಾರದು.

ಈಗ ನಮ್ಮೂರಿಗೆ ಬರೋಣ. ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್. ಹರಿಹರೇಶ್ವರ ಗುಡಿಗೆ ಹೋದಾಗ ದೇವರಿಗೆ ಕೈಮುಗಿದು ಬಂದುಬಿಡಬೇಡಿ, ಅಲ್ಲಿನ ಶಾಸನದ ಕಲ್ಲುಗಳ ಮುಂದೆ ಹತ್ತು ನಿಮಿಷ ನಿಲ್ಲಿ. 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಅವನೂ ಕವಿಯೇ. ‘ಹರಿಚಾರಿತ್ರ’ ಅನ್ನೋ ಕಾವ್ಯ ಅವನ ಹೆಸರಿನಲ್ಲಿದೆ. ಸೈನ್ಯ ನಡೆಸಿದ, ಗುಡಿ ಕಟ್ಟಿಸಿದ, ಪದ್ಯವನ್ನೂ ಬರೆದ. ಆ ಕಾಲದಲ್ಲಿ ಊರಿಗೊಂದು ಕೆರೆಯೋ ಗುಡಿಯೋ ಆದರೆ ಕಲ್ಲಿನ ಮೇಲೆ ಬರೀ ಲೆಕ್ಕ ಬರೆಯುತ್ತಿರಲಿಲ್ಲ. ಯಾರು ಕೊಟ್ಟರು, ಎಷ್ಟು ಗದ್ದೆ ಕೊಟ್ಟರು ಅನ್ನೋದರ ಜೊತೆ ವೃತ್ತ, ಕಂದ ಪದ್ಯಗಳೂ ಇರುತ್ತಿದ್ದವು. ಕವಿಚಕ್ರವರ್ತಿ ಜನ್ನನೇ ಶಾಸನಕ್ಕೆ ಪದ್ಯ ಬರೆದುಕೊಟ್ಟಿದ್ದಾನೆ. ಎಷ್ಟೋ ಕಲ್ಲುಗಳ ಕೊನೆಗೆ ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಎರಡೂ ಸಿಗುತ್ತವೆ.

ಹರಿಹರದಿಂದ ವಾಪಸ್ ಬಂದು ದಾವಣಗೆರೆಯ ಯಾವುದಾದರೂ ಹೊಸ ಪಾರ್ಕಿನ ಉದ್ಘಾಟನೆಯ ಕಲ್ಲು ನೋಡಿ. ಕರಿ ಗ್ರಾನೈಟ್, ಹೊಳೆಯುವ ಚಿನ್ನದ ಬಣ್ಣದ ಅಕ್ಷರ. ನಾನು ಒಂದು ಸಲ ಎಣಿಸಿದೆ, ಒಂದೇ ಕಲ್ಲಿನಲ್ಲಿ ಇಪ್ಪತ್ತಮೂರು ಹೆಸರು. ಹೆಸರಿನ ಹಿಂದೆ ಸನ್ಮಾನ್ಯ, ಮುಂದೆ ಹುದ್ದೆ. ಅಷ್ಟು ಅಕ್ಷರಗಳ ನಡುವೆ ಒಂದು ಪೂರ್ತಿ ವಾಕ್ಯ ಇರಲಿಲ್ಲ. ಕ್ರಿಯಾಪದವೇ ಇಲ್ಲ! ಎಂಟುನೂರು ವರ್ಷ ಆದಮೇಲೆ ಯಾರಾದರೂ ಇದನ್ನು ಅಗೆದು ತೆಗೆದರೆ, ಇವರೆಲ್ಲ ಸೇರಿ ಏನು ಮಾಡಿದರು ಅಂತ ತಿಳಿಯೋದು ಕಷ್ಟ. ಕಲ್ಲು ಇದೆ, ಕೆತ್ತುವವರು ಇದ್ದಾರೆ, ದುಡ್ಡೂ ಖರ್ಚಾಗಿದೆ. ಇಲ್ಲದಿರೋದು ನಾಲ್ಕು ಸಾಲು ಬರೆದುಕೊಡುವವರು.

ಅಮೆರಿಕದ ಸೇಂಟ್ ಪಾಲ್ ನಗರದವರು ಇದಕ್ಕೊಂದು ಸುಲಭದ ಉಪಾಯ ಕಂಡುಕೊಂಡರು. ಒಡೆದ ಫುಟ್‌ಪಾತ್ ಕಲ್ಲುಗಳನ್ನು ನಗರಾಡಳಿತ ಹೇಗೂ ಬದಲಾಯಿಸುತ್ತಲೇ ಇರುತ್ತೆ. 2008ರಿಂದ ಅವರು ಹಸಿ ಕಾಂಕ್ರೀಟಿನ ಮೇಲೆ ಊರಿನವರೇ ಬರೆದ ಸಣ್ಣ ಕವಿತೆಗಳ ಅಚ್ಚು ಒತ್ತೋಕೆ ಶುರುಮಾಡಿದರು. ದಾವಣಗೆರೆ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿತ್ತು, 2016ರಲ್ಲಿ. ಎಷ್ಟು ಕಾಂಕ್ರೀಟು ಹಾಕಿದರು ಅಂತ ನೀವೇ ನೋಡಿದ್ದೀರಿ. ಒಂದಕ್ಷರ ಒತ್ತಲಿಲ್ಲ. ಒತ್ತಿದ್ದರೂ ಓದೋಕೆ ಮೊದಲು ಮೇಲೆ ನಿಲ್ಲಿಸಿದ ಬೈಕ್ ಸರಿಸಬೇಕಿತ್ತು, ಅದು ಬೇರೆ ಮಾತು.

ಚಿತ್ರದುರ್ಗದವರೂ ಇದನ್ನು ಓದುತ್ತಿರಬಹುದು. ಅಲ್ಲಿ ನಗರಕವಿಯ ಕೆಲಸ ಇನ್ನೂ ಕಷ್ಟ ಅಂತ ನನಗನ್ನಿಸುತ್ತೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಓಬವ್ವನ ಕಿಂಡಿ. ಕಥೆ ಅಷ್ಟು ದೊಡ್ಡದು. ಕವಿ ಏನೇ ಬರೆದರೂ ‘ಸರ್, ಒನಕೆ ಬರಲಿಲ್ಲ’ ಅಂತಾರೆ. ಹೆದ್ದಾರಿ ಪಕ್ಕದ ಢಾಬಾದಲ್ಲಿ ರಾತ್ರಿ ಎರಡಕ್ಕೆ ರೊಟ್ಟಿ ತಟ್ಟುವ ಹೆಂಗಸಿನ ಬಗ್ಗೆ ಬರೆದರೆ ಅದೂ ದುರ್ಗದ ಪದ್ಯವೇ ಅಂತ ಒಪ್ಪಿಸೋಕೆ ಒಂದು ಅವಧಿ ಪೂರ್ತಿ ಬೇಕು.

ಯಾರನ್ನು ಆರಿಸಬೇಕು? ಒಂದು ಷರತ್ತು ಕಡ್ಡಾಯ: ಊರಿನಲ್ಲೇ ಇರಬೇಕು. ನಮ್ಮಲ್ಲಿ ಕವಿಗಳು ಹುಟ್ಟುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ. ಕಲಬುರಗಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಎಚ್.ಎಸ್. ವೆಂಕಟೇಶಮೂರ್ತಿ ಹುಟ್ಟಿದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಅದರಲ್ಲಿ ತಪ್ಪೇನಿಲ್ಲ, ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಆದರೆ ನಗರಕವಿ ಮಾತ್ರ ನಮ್ಮ ನೀರು ಕುಡಿಯಬೇಕು, ನಮ್ಮ ಗುಂಡಿಯಲ್ಲಿ ಗಾಡಿ ಇಳಿಸಬೇಕು. ಕವಿ ತಾನೇ ಅರ್ಜಿ ಹಾಕಿಕೊಳ್ಳಲಿ, ಜೊತೆಗೆ ಎರಡು ವರ್ಷದಲ್ಲಿ ಏನು ಮಾಡುತ್ತೇನೆ ಅಂತ ಒಂದು ಪುಟ ಬರೆದುಕೊಡಲಿ. ಆರಿಸುವ ಸಮಿತಿಯಲ್ಲಿ ಕವಿಗಳ ಜೊತೆಗೆ ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಗ್ರಂಥಪಾಲಕರು, ಒಬ್ಬ ಪೌರಕಾರ್ಮಿಕರು ಇರಲಿ. ಜಾತಿ ಲೆಕ್ಕ, ಬಣದ ಲೆಕ್ಕ ಬರೋದೇ ಇಲ್ಲ ಅಂತ ಹೇಳೋಕೆ ನಾನೇನು ಮಗು ಅಲ್ಲ. ಅವಧಿ ಎರಡೇ ವರ್ಷ ಆದರೆ ತಪ್ಪು ಆಯ್ಕೆಯನ್ನು ಸಹಿಸಿಕೊಳ್ಳಬಹುದು, ಅದೊಂದು ಸಮಾಧಾನ. ಭಾಷೆಯ ವಿಷಯವೂ ಇದೆ. ಕವಿ ಕನ್ನಡದವರಾಗಿರಲಿ, ಆದರೆ ಊರಲ್ಲಿ ಉರ್ದು ಶಾಯರಿ ಇದೆ, ಲಂಬಾಣಿ ಹಾಡು ಇದೆ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯಲ್ಲೇ ಇದೆ. ಅವರನ್ನೆಲ್ಲ ಒಂದೇ ಜಗಲಿ ಮೇಲೆ ಕೂರಿಸೋದೂ ಕವಿಯ ಕೆಲಸವೇ.

ದುಡ್ಡು ಎಲ್ಲಿಂದ? ನಿಮ್ಮ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯಕ್ಕೆ ಹೋಗಬೇಕು. ನಗರಕವಿಗೆ ಒಂದು ಮೇಜು, ಒಂದು ಕುರ್ಚಿ ಇಡೋಕೆ ಗ್ರಂಥಾಲಯಕ್ಕಿಂತ ಒಳ್ಳೆ ಜಾಗ ಇಲ್ಲ. ಪಾಲಿಕೆ ಕಚೇರಿಯಲ್ಲಿ ಬೇಡ. ಅಲ್ಲಿ ಕೂತರೆ ಜನ ಖಾತೆ ಬದಲಾವಣೆ ಅರ್ಜಿ ಹಿಡಿದು ಬರುತ್ತಾರೆ.

ಇಷ್ಟೆಲ್ಲ ಆಗೋಕೆ ಎಷ್ಟು ವರ್ಷವೋ. ಅಷ್ಟರೊಳಗೆ ನಿಮಗೊಂದು ಕೆಲಸ ಹೇಳುತ್ತೇನೆ, ಅಲ್ಪಸ್ವಲ್ಪ ಬರೆಯುತ್ತೇನೆ ಅಂದಿರಲ್ಲ. ನಮ್ಮ ಪಾಲಿಕೆ ಈಗಾಗಲೇ ದಿನಾ ಬೆಳಿಗ್ಗೆ ಊರಿಗೆಲ್ಲ ಹಾಡು ಕೇಳಿಸುತ್ತಿದೆ, ಗಮನಿಸಿದ್ದೀರಾ? ಕಸದ ಗಾಡಿಯ ಮೇಲೆ ಒಂದು ಮೈಕು ಇರುತ್ತೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನೋ ಹಾಡು. ಯಾವ ಕವಿಗೂ ಸಿಗದಷ್ಟು ಕೇಳುಗರು ಅದಕ್ಕಿದ್ದಾರೆ. ಹಲ್ಲುಜ್ಜುತ್ತಾ, ಹಾಲು ಕಾಯಿಸುತ್ತಾ ಇಡೀ ಓಣಿ ಕೇಳುತ್ತೆ. ಮಕ್ಕಳು ನಾಡಗೀತೆಗಿಂತ ಮೊದಲು ಅದನ್ನೇ ಕಲಿಯುತ್ತಾರೆ. ಅದನ್ನು ಬರೆದವರು ಯಾರು ಅಂತ ಕೇಳಿದರೆ ಗಾಡಿಯವನಿಗೂ ಗೊತ್ತಿಲ್ಲ. ಅದಕ್ಕೊಂದು ಹೊಸ ಪದ ಬರೆಯಿರಿ. ಎಂಟು ಸಾಲು ಸಾಕು. ದಾವಣಗೆರೆಯ ಮಾತಿನಲ್ಲೇ ಇರಲಿ. ನಿಮ್ಮ ಓಣಿಯ ಮಂಡಕ್ಕಿ ಅಂಗಡಿ ಬರಲಿ, ದುಗ್ಗಮ್ಮನ ಜಾತ್ರೆ ಬರಲಿ, ಬೆಳಗಿನ ಜಾವ ಗುಡಿಸುವವರ ಪೊರಕೆ ಸದ್ದು ಬರಲಿ. ಗಾಡಿ ಬಂದಾಗ ಅದರ ಜೊತೆ ಬರುವ ಹೆಣ್ಣುಮಕ್ಕಳಿಗೆ ಓದಿ ತೋರಿಸಿ. ಅವರು ನಕ್ಕರೆ ಪದ ಸರಿಯಾಗಿದೆ ಅಂತ ಅರ್ಥ.

ಆಮೇಲೆ ಅದನ್ನೇ ಒಂದು ಮನವಿಗೆ ಲಗತ್ತಿಸಿ, ಆಯುಕ್ತರ ಹೆಸರಿಗೆ. ದಾವಣಗೆರೆಗೊಬ್ಬ ನಗರಕವಿ ಬೇಕು, ಎರಡು ವರ್ಷದ ಅವಧಿಗೆ, ಕೆಲಸ ಇಂತಿಂಥದ್ದು ಅಂತ ಒಂದೇ ಪುಟದಲ್ಲಿ ಬರೆಯಿರಿ. ಶಾಲು, ಹಾರ, ಸ್ಮರಣಿಕೆ ಬೇಡ ಅಂತಲೂ ಸೇರಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೆಯಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಸೀಲ್ ಇಟ್ಟವರು ಸಿಗಲ್ಲ.